ಮೇಲಿನ ಮನೆಯ ನೀರು

ಜಾಮೀನು ಸಿಕ್ಕಿತೆಂದು ಲಾಯರ್ ಪ್ರಸನ್ನ ಫೋನು ಮಾಡಿದಾಗ ಭಾಗ್ಯಮ್ಮ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ದೇವರಿಗೆ ದೀಪ ಹಚ್ಚಬೇಕು ಅನ್ನಿಸಲಿಲ್ಲ, ಅಳಬೇಕೂ ಅನ್ನಿಸಲಿಲ್ಲ. ಊಟಕ್ಕೆ ಒಬ್ಬ ಹೆಚ್ಚಾದ, ಬಸ್ಸಾರಿಗೆ ಇನ್ನೊಂದು ಹಿಡಿ ಕಾಳು ಹಾಕಬೇಕು ಅನ್ನಿಸಿತು. ದಣಿದ ಮನಸ್ಸಿಗೆ ದೊಡ್ಡ ವಿಚಾರಗಳು ಹೊಳೆಯುವುದಿಲ್ಲ. ಕಾಳು, ಉಪ್ಪು, ಒಲೆ, ಇಷ್ಟೇ ಕಾಣುತ್ತವೆ.

ಸಂಜೆ ಮಗ ಲಿಖಿತ್ ಬಂದ. ಇಪ್ಪತ್ತೇಳು ತುಂಬಿದ ಗಂಡಸು. ಜೈಲಿಗೆ ಹೋಗಿದ್ದವನು ತಾನಲ್ಲ, ಕಳಿಸಿದವರು ಮನೆಯವರೇ ಎಂಬಂತೆ ಮುಖ ಊದಿಸಿಕೊಂಡು ನೆಟ್ಟಗೆ ಬಚ್ಚಲಿಗೆ ನಡೆದ.

"ಮೊದ್ಲು ನೀರು ಹುಯ್ಕಳ್ಳಲಿ ಬುಡು, ಆಮೇಲೆ ಮಾತು," ಎಂದಳು ಜಗಲಿಯಲ್ಲಿ ಕೂತಿದ್ದ ಅಜ್ಜಿ ಸಾಕಮ್ಮ.

ಹಿಂದೆಯೇ ಬಂದ ಪ್ರಸನ್ನ ಕಾಫಿ ಕುಡಿಯುತ್ತಾ ಷರತ್ತು ಹೇಳಿದ. "ಪ್ರತಿ ಭಾನುವಾರ ಸ್ಟೇಷನ್‌ಗೆ ಹೋಗಿ ಸೈನ್ ಹಾಕ್ಬೇಕು. ಮುಖ್ಯವಾದದ್ದು ಏನಪ್ಪಾ ಅಂದ್ರೆ, ಸಾಕ್ಷಿಗಳ ಜೊತೆ ಮನೆಯೋರು ಯಾರೂ ಮಾತಾಡೋ ಹಾಗಿಲ್ಲ. ಬೆದರಿಸಿದ್ರು, ಆಮಿಷ ಕೊಟ್ರು ಅಂತ ಒಂದು ಕಂಪ್ಲೇಂಟ್ ಬಂದ್ರೆ ಬೇಲ್ ಕ್ಯಾನ್ಸಲ್. ಮತ್ತೆ ಪರಪ್ಪನ ಅಗ್ರಹಾರ."

"ಸಾಕ್ಷಿ ಅಂದ್ರೆ ಯಾರು ಸಾರ್?" ಗೊತ್ತಿದ್ದೂ ಕೇಳಿದರು ಲಿಖಿತನ ಅಪ್ಪ ಗಂಗಾಧರಯ್ಯ.

ಪ್ರಸನ್ನ ಬೆರಳೆತ್ತಿ ಮೇಲೆ ತೋರಿಸಿದ. ಅವನು ತೋರಿಸಿದ್ದು ದೇವರನ್ನಲ್ಲ, ಮಹಡಿಯ ಮನೆಯನ್ನು. "ಇಡ್ಲಿ ಹಿಟ್ಟು ಕೂಡ ಕೊಡಬೇಡಿ, ಅಷ್ಟೇ," ಎಂದು ಲೋಟ ಕೆಳಗಿಟ್ಟ.

ಚಿಕ್ಕಲಸಂದ್ರ ಹಳ್ಳಿಯಾಗಿದ್ದಾಗ ಗಂಗಾಧರಯ್ಯನವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಈ ಮನೆ ನಿಂತಿರುವುದು. ಈಗ ಅಲ್ಲಿ ಬಾಡಿಗೆ ಬೆಳೆಯುತ್ತದೆ. ಕೆಳಗೆ ಮಾಲೀಕರು, ಮೇಲೆ ದಾವಣಗೆರೆ ಕಡೆಯ ಶ್ರೀದೇವಿ, ಶಾಲೆಯ ಟೀಚರು, ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಬಂದವಳು. ಲಿಂಗ ಕಟ್ಟುವ ಜನ, ಮಾಂಸದ ವಾಸನೆಗೆ ಆಗುವುದಿಲ್ಲ. ಹಾಗಾಗಿ ಕೋಳಿ ಬೇಯಿಸುವ ದಿನ ಭಾಗ್ಯಮ್ಮ ತಾನಾಗಿಯೇ ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು. ನೀರಿನ ಮೋಟಾರಿನ ಸ್ವಿಚ್ಚು ಭಾಗ್ಯಮ್ಮನ ಅಡುಗೆಮನೆಯಲ್ಲಿ, ಟ್ಯಾಂಕು ತಾರಸಿಯಲ್ಲಿ. ಟ್ಯಾಂಕು ತುಂಬಿತೋ ಇಲ್ಲವೋ ಕಾಣುವುದು ಶ್ರೀದೇವಿಯ ಬಾಲ್ಕನಿಗೆ. ಬೆಳಿಗ್ಗೆ ಭಾಗ್ಯಮ್ಮ ಸ್ವಿಚ್ಚು ಹಾಕುವುದು, ಸ್ವಲ್ಪ ಹೊತ್ತಿಗೆ ಮೇಲಿನಿಂದ "ಆಂಟಿ, ತುಂಬ್ತು ನೋಡ್ರಿ" ಎಂಬ ಕೂಗು ಬರುವುದು, ಇವಳು ಆರಿಸುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಯಾರೂ ಒಪ್ಪಂದ ಮಾಡಿಕೊಂಡದ್ದಲ್ಲ.

ಬಾಲ್ಕನಿಯಿಂದ ಟ್ಯಾಂಕಿನ ನೀರು ಕಂಡ ಹಾಗೆ ಗೇಟಿನ ಮುಂದಿನ ರಸ್ತೆಯೂ ಕಾಣುತ್ತದೆ, ಎಲ್ಲ ತೊಂದರೆಗೂ ಅದೇ ಮೂಲ.

ನಡೆದದ್ದಿಷ್ಟು. ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಯಲ್ಲಯ್ಯನ ಇಸ್ತ್ರಿ ಗಾಡಿ ಲಿಖಿತ್ ಹುಟ್ಟುವ ಮೊದಲಿನಿಂದ ನಿಂತಿತ್ತು. ಸೈಟು ತೋರಿಸುವ ಬ್ರೋಕರ್ ಕೆಲಸದಲ್ಲಿ ನಾಲ್ಕು ಕಾಸು ಕಂಡ ಲಿಖಿತ್ ಹಳೇ ಕಾರೊಂದನ್ನು ಕೊಂಡ. ಕಾರಿಗೆ ನೆರಳು ಬೇಕಾಯಿತು. ಒಂದು ಬೆಳಿಗ್ಗೆ ಗಾಡಿ ತೆಗಿ ಎಂದ. ಕೈಲಿರೋ ಬಟ್ಟೆ ಮುಗಿಸಿ ತೆಗೀತೀನಿ ಎಂದ ಯಲ್ಲಯ್ಯ. ಲಿಖಿತ್ ಮೊದಲು ಗಾಡಿಯನ್ನು ತಳ್ಳಿದ, ಆಮೇಲೆ ಮನುಷ್ಯನನ್ನು. ಯಲ್ಲಯ್ಯ ಚರಂಡಿಯ ಕಲ್ಲಿನ ಮೇಲೆ ಬಿದ್ದ, ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಅವನ ಮೇಲೆ ಬಿತ್ತು. ಸೊಂಟದ ಮೂಳೆ ಮುರಿಯಿತು, ತೋಳು ಬೆಂದಿತು.

ಕಂಡದ್ದನ್ನು ಕಂಡ ಹಾಗೆ ಶ್ರೀದೇವಿ ಪೊಲೀಸರಿಗೆ ಹೇಳಿದಳು. ಹಾಲಿನ ಪ್ಯಾಕೆಟ್ಟು ಹಿಡಿದು ಗೇಟಿನಲ್ಲೇ ನಿಂತಿದ್ದ ಭಾಗ್ಯಮ್ಮ ಮಾತ್ರ "ನಾನು ಅಡುಗೆಮನೇಲಿದ್ದೆ, ಏನೂ ನೋಡ್ಲಿಲ್ಲ" ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಅಂದಿನಿಂದ ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ ಆ ಮಾತು ಅವಳ ಗಂಟಲಲ್ಲಿ ಬಿಸಿ ತುಪ್ಪದಂತೆ ನಿಲ್ಲುತ್ತಿತ್ತು.

ಮಗ ಬಂದ ಮರುದಿನ ಭಾಗ್ಯಮ್ಮ ಎಂದಿನಂತೆ ಮೋಟಾರು ಹಾಕಿ ಕೂಗಿಗೆ ಕಾದಳು. ಕೂಗು ಬರಲಿಲ್ಲ. ನೀರು ಗೋಡೆಯ ಮೇಲೆ ಹರಿದು ಗೇಟಿನ ತನಕ ಬಂತು. ಓಡಿ ಹೊರಗೆ ಬಂದರೆ ಬಾಲ್ಕನಿಯಲ್ಲಿ ಶ್ರೀದೇವಿ ನಿಂತಿದ್ದಳು. ಬಾಯಿ ಅರ್ಧ ತೆರೆದವಳು ಮುಚ್ಚಿಕೊಂಡು ಒಳಗೆ ಹೋದಳು. ಪೊಲೀಸರು ಅವಳಿಗೂ ಅದೇ ಹೇಳಿದ್ದರೇನೋ. ಆಮೇಲೆ ಭಾಗ್ಯಮ್ಮ ದಿನಾ ರಸ್ತೆಗೆ ಹೋಗಿ ಕತ್ತೆತ್ತಿ ಟ್ಯಾಂಕು ತುಂಬಿದಾಗ ನೀರು ಹೊರಬೀಳುವ ಪೈಪು ನೋಡಿ, ಒಳಗೆ ಓಡಿಬಂದು ಸ್ವಿಚ್ಚು ಆರಿಸತೊಡಗಿದಳು. ಮಂಡಿ ನೋವಿನವಳಿಗೆ ಇದೊಂದು ಹೊಸ ವ್ಯಾಯಾಮ.

ಲಿಖಿತ್ ಬೆಳಿಗ್ಗೆ ತಡವಾಗಿ ಏಳುತ್ತಿದ್ದ, ಫೋನು ನೋಡುತ್ತಿದ್ದ, ತಟ್ಟೆ ಹಾಕಿದರೆ ಬರುತ್ತಿದ್ದ. ಗಿರಾಕಿಗಳು ಫೋನು ಎತ್ತುವುದು ಬಿಟ್ಟಿದ್ದರು. ಒಂದು ಮಧ್ಯಾಹ್ನ ಊಟದ ನಡುವೆ ಶುರು ಮಾಡಿದ.

"ಅಪ್ಪ, ಮೇಲ್ಗಡೆಯೋಳ್ನ ಖಾಲಿ ಮಾಡ್ಸು."

"ಲಾಯರ್ ಬೇಡ ಅಂದ್ರಲ್ಲ. ಬೆದರಿಸಿದ ಹಾಗಾಗತ್ತಂತೆ."

"ನಮ್ಮನೆ, ನಮ್ಮಿಷ್ಟ. ನಮ್ಮ ತಲೆ ಮೇಲೆ ಕೂತ್ಕೊಂಡು ನಮ್ಮ ಮೇಲೇ ಸಾಕ್ಷಿ ಹೇಳ್ತಾಳೆ. ಒಂದು ತಳ್ಳಿದ್ದಕ್ಕೆ ಯಾರಾದ್ರೂ ಜೈಲಿಗೆ ಹೋಗ್ತಾರಾ? ಅವ್ಳು ಬಾಯಿ ಮುಚ್ಕೊಂಡಿದ್ರೆ ಏನೂ ಆಗ್ತಿರಲಿಲ್ಲ."

"ನೀನು ಕೈ ಮುಚ್ಕೊಂಡಿದ್ರೂ ಏನೂ ಆಗ್ತಿರಲಿಲ್ಲ," ಎಂದಳು ಭಾಗ್ಯಮ್ಮ.

"ಶುರು ಮಾಡ್ದೆಯಾ."

"ಉಣ್ಣೋ ಹೊತ್ತಲ್ಲಿ ಬೇಡ ಕಣೆ," ಎಂದರು ಗಂಗಾಧರಯ್ಯ. ಅವರಿಗೆ ಉಣ್ಣುವ ಹೊತ್ತೂ ಬೇಡ, ಉಂಡ ಮೇಲೂ ಬೇಡ. ಮಗನಿಗೆ ಮೀಸೆ ಬಂದಾಗಿನಿಂದ ಅವರು ಎಲ್ಲ ಮಾತನ್ನೂ ಬೇರೆ ಹೊತ್ತಿಗೆ ಮುಂದೂಡುತ್ತಾ ಬಂದವರು.

ಮೂಲೆಯಲ್ಲಿ ಮುದ್ದೆ ಮುರಿಯುತ್ತಿದ್ದ ಸಾಕಮ್ಮ ತಲೆ ಎತ್ತದೆ ಕೇಳಿದಳು. "ಆ ಯಲ್ಲಯ್ಯನ್ನ ಯಾರಾದ್ರೂ ಹೋಗಿ ನೋಡ್ಕಂಡು ಬಂದ್ರಾ?"

ಗಂಗಾಧರಯ್ಯ ಸಾರಿನ ಪಾತ್ರೆಗೆ ಕೈ ಚಾಚಿದರು.

"ಮೂಳೆ ಮುರ್ದೋರಿಗೆ ಕಾಲ್ ಸೂಪು ಕೊಡ್ಬೇಕು. ಯಾರ ಮನೇಲಿ ಕೈಕಾಲು ಮುರ್ದ್ರೂ ನಮ್ಮನೆಯಿಂದ ಹೋಗ್ತಿತ್ತು. ಜಗಳ ಇದ್ದೋರ ಮನೆಗೂ ಹೋಗ್ತಿತ್ತು. ಈಗ ನಾವೇ ಮುರ್ದಿದೀವಿ, ನಾವೇ ಸುಮ್ನಿದೀವಿ."

"ಅಜ್ಜಿ, ನಿಂಗೆ ಏನೂ ಗೊತ್ತಾಗಲ್ಲ, ಸುಮ್ನಿರು," ಎಂದ ಲಿಖಿತ್.

ಆದರೆ ಅತ್ತೆಯ ಆ ಮಾತು ಭಾಗ್ಯಮ್ಮನ ಮನಸ್ಸಿಗೆ ನಾಟಿತು. ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳಿಗೆ ಮೊದಲು ಕಲಿಸಿದ ಅಡುಗೆಯೇ ಅದು. ಕುರಿಕಾಲನ್ನು ಕೆಂಡದಲ್ಲಿ ಸುಟ್ಟು, ಕೆರೆದು, ಮೆಣಸು ಜೀರಿಗೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವುದು. ಬಾಣಂತಿಗೆ, ಬಿದ್ದವರಿಗೆ, ಎದ್ದವರಿಗೆ ಎಂದು ಎಷ್ಟು ಮನೆಗೆ ಹೊತ್ತಿದ್ದಳೋ ಲೆಕ್ಕವಿಲ್ಲ. ಲಾಯರ್ ಮಾತು ನೆನಪಾಗದೆ ಇರಲಿಲ್ಲ. ಆದರೆ ಲಾಯರ್ ಬೆರಳು ತೋರಿಸಿದ್ದು ಮೇಲಕ್ಕೆ. ಸಾಕ್ಷಿ ಎಂದರೆ ನೋಡಿದವರು. ಪೆಟ್ಟು ತಿಂದವನು ಸಾಕ್ಷಿ ಹೇಗಾಗುತ್ತಾನೆ ಎಂದುಕೊಂಡಳು ಆ ತಾಯಿ.

ಮುಂದಿನ ವಾರ ಒಂದು ಬೆಳಿಗ್ಗೆ, ಲಿಖಿತ್ ಮಲಗಿರುವಾಗಲೇ ಕಿಟಕಿ ಮುಚ್ಚಿ ಸೂಪು ಮಾಡಿದಳು. ಕ್ಯಾರಿಯರಿಗೆ ತುಂಬಿಕೊಂಡು ಆಟೊ ಹತ್ತಿ ಇಟ್ಟಮಡುವಿಗೆ ಹೋದಳು.

ಯಲ್ಲಯ್ಯನದು ಒಂದೇ ಕೋಣೆಯ ಮನೆ. ಅವನು ಮಂಚದ ಮೇಲಿದ್ದ, ತೋಳಿಗೆ ಬಟ್ಟೆ ಸುತ್ತಿತ್ತು. ಹೆಂಡತಿ ಚೂಡಾಮಣಿ ನೆಲದ ಮೇಲೆ ಕಂಬಳಿ ಹಾಸಿಕೊಂಡು ಯಾರದೋ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬಾಗಿಲಲ್ಲಿ ಅವಳ ತಮ್ಮ ಫೋನು ಹಿಡಿದು ನಿಂತಿದ್ದ.

"ಕಾಲ್ ಸೂಪು ತಂದಿದೀನಿ ಯಲ್ಲಯ್ಯ. ಬಿಸಿ ಇದೆ, ಕುಡಿ."

"ಅಲ್ಲಿಡಿ ಅಮ್ಮ." ಬೆಂದ ತೋಳನ್ನು ಮೆಲ್ಲಗೆ ಎದೆಯ ಮೇಲೆ ಎಳೆದುಕೊಂಡ. "ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಕೇಳು."

"ನೀವು ಗೇಟಲ್ಲೇ ಇದ್ರಿ. ಕೈಲಿ ಹಾಲಿತ್ತು. ನಾನು ಬಿದ್ದಾಗ ಅಯ್ಯೋ ಅಂದಿದ್ದು ನೀವೇ. ಅದು ಕೇಸಲ್ಲಿ ಇಲ್ವಂತೆ. ಆ ಟೀಚರಮ್ಮ ಒಬ್ರೇ ನೋಡಿದ್ದು ಅಂತ ಇದ್ಯಂತೆ."

ಭಾಗ್ಯಮ್ಮ ಕ್ಯಾರಿಯರಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. "ನನ್ ಮಗ ಕಣಯ್ಯ," ಎಂದಳು ಕೊನೆಗೆ.

"ಗೊತ್ತಮ್ಮ. ಅವ್ನ ಸ್ಕೂಲ್ ಚಡ್ಡಿಗೆ ಇಸ್ತ್ರಿ ಹಾಕ್ದೋನೇ ನಾನು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಕ್ಯಾರಿಯರನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ಚೂಡಾಮಣಿಯ ತಮ್ಮ ವಿಡಿಯೊ ಮಾಡಿ ಪೊಲೀಸರಿಗೆ ತೋರಿಸಿದ್ದ. ಎರಡು ದಿನ ಕಳೆಯುವುದರೊಳಗೆ ಠಾಣೆಯಿಂದ ಫೋನು ಬಂತು, ಅದರ ಹಿಂದೆ ಪ್ರಸನ್ನನೂ ಬಂದ. ಈ ಸಲ ಕಾಫಿ ಬೇಡ ಎಂದ.

"ಏನು ಮೇಡಂ ಇದು? ಇಷ್ಟು ಬಿಡಿಸಿ ಹೇಳಿದ್ದೆ."

"ನೀವು ಮೇಲೆ ತೋರಿಸಿದ್ರಿ ಸಾರ್. ಯಲ್ಲಯ್ಯ ಸಾಕ್ಷಿ ಅಂತ ನಂಗೆ ಗೊತ್ತಾಗ್ಲಿಲ್ಲ."

"ಪೆಟ್ಟು ತಿಂದೋನೇ ಮೊದಲ್ನೇ ಸಾಕ್ಷಿ."

"ಸೂಪು ಕೊಟ್ರೆ ಆಮಿಷ ಆಗತ್ತಾ?"

"ಕೋರ್ಟಲ್ಲಿ ಸೂಪೂ ಆಮಿಷಾನೇ ಮೇಡಂ." ಪ್ರಸನ್ನ ಹಣೆ ಒತ್ತಿಕೊಂಡ. "ಇರ್ಲಿ. ವಿಡಿಯೊದಲ್ಲಿ ಮಾತು ಸರಿಯಾಗಿ ಕೇಳ್ಸಲ್ಲ. ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆ ಅವ್ರ ಹತ್ರಾನೇ ಇತ್ತು, ಇಸ್ಕೊಳ್ಳೋಕೆ ಹೋಗಿದ್ದೆ ಅಂತ ಒಂದು ಹೇಳಿಕೆ ಟೈಪ್ ಮಾಡಿಸ್ತೀನಿ. ಗಲಾಟೆ ದಿನ ಅಡುಗೆಮನೇಲಿದ್ದೆ ಅನ್ನೋದನ್ನೂ ಸೇರಿಸ್ತೀನಿ, ಇನ್ನೂ ಗಟ್ಟಿಯಾಗತ್ತೆ. ಭಾನುವಾರ ಇವ್ನ ಜೊತೆ ಸ್ಟೇಷನ್‌ಗೆ ಬಂದು ಸೈನ್ ಹಾಕಿ."

ಅವನು ಗೇಟು ದಾಟುತ್ತಿದ್ದಂತೆ ಲಿಖಿತ್ ತಿರುಗಿಬಿದ್ದ. "ನಿನ್ನ ಯಾರು ಹೋಗು ಅಂದ್ರು? ನನ್ನ ಒಳಗೆ ಕಳ್ಸೋವರೆಗೂ ನಿಂಗೆ ನೆಮ್ಮದಿ ಇಲ್ವಾ?"

"ನಾನು ಹೋಗು ಅಂದೆ ಕಣ್ಲಾ," ಎಂದಳು ಸಾಕಮ್ಮ. "ಉಪ್ಪು ತಿಂದೋನು ನೀರು ಕುಡೀಬೇಕು. ನಿನ್ ಬದ್ಲು ನಿಮ್ಮವ್ವ ಕುಡೀತಾವ್ಳೆ."

"ಎಲ್ರೂ ಸೇರ್ಕೊಂಡು ನನ್ನ ಸಾಯಿಸಿ," ಎಂದು ಲಿಖಿತ್ ಬಾಗಿಲು ಬಡಿದು ತಾರಸಿಗೆ ಹತ್ತಿ ಹೋದ. ಈಚೆಗೆ ಅವನು ತಾರಸಿಗೆ ಹೋಗುವುದು ಹೆಚ್ಚಾಗಿತ್ತು. ಸಿಗರೇಟಿಗೆ ಇರಬೇಕು ಎಂದುಕೊಂಡಿದ್ದಳು ಭಾಗ್ಯಮ್ಮ.

ಅದೇ ವಾರ ಶ್ರೀದೇವಿ ಮೆಟ್ಟಿಲಲ್ಲಿ ನೀರಿನ ಕ್ಯಾನು ಹೊತ್ತು ಹತ್ತುವುದು ಕಣ್ಣಿಗೆ ಬಿತ್ತು. ಮಾರನೆಯ ದಿನ ಅವಳ ಮಗಳು ಸ್ಕೂಲಿನ ಯೂನಿಫಾರ್ಮಿನಲ್ಲೇ ಎದುರು ಮನೆಯ ನಲ್ಲಿಯಿಂದ ಕೊಡ ತುಂಬಿಕೊಂಡು ಬಂದಳು. ಭಾಗ್ಯಮ್ಮನಿಗೆ ಅರ್ಥವಾಗಲಿಲ್ಲ. ಅವಳು ದಿನಾ ಮೋಟಾರು ಹಾಕುತ್ತಿದ್ದಳು, ಟ್ಯಾಂಕು ತುಂಬುತ್ತಿತ್ತು. ಪೈಪಿನಲ್ಲಿ ಕಸ ಕಟ್ಟಿರಬೇಕು. ಕೇಳೋಣವೆಂದರೆ ಮಾತಾಡುವ ಹಾಗಿಲ್ಲ, ಅವಳೂ ಬಂದು ಹೇಳುವ ಹಾಗಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಕಾನೂನಿನ ಭಯಕ್ಕೆ ಇಬ್ಬರು ಹೆಂಗಸರು ಮೂಗಿಯರಾಗಿದ್ದರು.

ಶನಿವಾರ ಮೆಣಸಿನಕಾಯಿ ಒಣಗಹಾಕಲು ತಾರಸಿಗೆ ಹೋದವಳು ಟ್ಯಾಂಕಿನ ಬುಡಕ್ಕೆ ಬಗ್ಗಿ ನೋಡಿದಳು. ಟ್ಯಾಂಕಿನಿಂದ ಎರಡು ಪೈಪು ಇಳಿಯುತ್ತವೆ, ಒಂದು ಕೆಳಗಿನ ಮನೆಗೆ, ಒಂದು ಮೇಲಿನ ಮನೆಗೆ. ಮೇಲಿನ ಮನೆಯ ವಾಲ್ವನ್ನು ಯಾರೋ ಬಿಗಿಯಾಗಿ ಮುಚ್ಚಿದ್ದರು. ಪಕ್ಕದಲ್ಲಿ ಸಿಗರೇಟಿನ ತುಂಡುಗಳಿದ್ದವು.

ಅವಳು ಅಲ್ಲೇ ಕೂತಳು. ಮೊದಲು ಬಂದದ್ದು ಸಿಟ್ಟಲ್ಲ, ಭಯ. ಇವನು ನನ್ನ ಮಗ, ಇವನಿಗೆ ಬುದ್ಧಿ ಬಂದಿಲ್ಲ, ಬರುವುದೂ ಇಲ್ಲವೇನೋ ಎಂಬ ಭಯ. ಆಮೇಲೆ ಎರಡೂ ಕೈಯಲ್ಲಿ ಬಲ ಹಾಕಿ ವಾಲ್ವು ತಿರುಗಿಸಿದಳು. ಪೈಪಿನಲ್ಲಿ ಗಾಳಿ ಗೊರಗುಟ್ಟಿತು. ಕೆಳಗೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿತು. "ಅಮ್ಮಾ, ನೀರು ಬಂತು," ಎಂದು ಶ್ರೀದೇವಿಯ ಮಗಳು ಕೂಗಿದಳು.

ಕೆಳಗೆ ಇಳಿದು ಬಂದಾಗ ಅಪ್ಪ ಮಗ ಇಬ್ಬರೂ ನಡುಮನೆಯಲ್ಲಿದ್ದರು.

"ವಾಲ್ವ್ ಮುಚ್ಚಿದ್ದು ನೀನೇನಾ?"

"ಹೌದು," ಎಂದ ಲಿಖಿತ್, ಫೋನಿನಿಂದ ಕಣ್ಣು ತೆಗೆಯದೆ. "ನೀರಿಲ್ದಿದ್ರೆ ತಾನಾಗೇ ಖಾಲಿ ಮಾಡ್ತಾಳೆ. ಏನೀಗ? ನಾನೇನು ಅವ್ಳ ಜೊತೆ ಮಾತಾಡಿದ್ನಾ? ಮಾತಾಡಬೇಡ ಅಂದ್ರು, ಮಾತಾಡಿಲ್ಲ."

ಭಾಗ್ಯಮ್ಮ ಗಂಡನ ಕಡೆ ನೋಡಿದಳು. ಗಂಗಾಧರಯ್ಯ ಪೇಪರು ಮಡಿಸಿದರು, ಮತ್ತೆ ಬಿಚ್ಚಿದರು.

"ನಿಮಗೂ ಗೊತ್ತಿತ್ತು."

"ಅವ್ನು ಹೇಳ್ದ. ನಾನು ಬೇಡ ಅಂದೆ," ಎಂದರು ಅವರು. ಸ್ವಲ್ಪ ತಡೆದು, "ಅಂದ್ರೆ, ಜಾಸ್ತಿ ದಿನ ಬೇಡ ಅಂದೆ."

"ಆ ಮಗು ಕೊಡ ಹೊತ್ಕೊಂಡು ಹೋಗೋದು ನೋಡಿದ್ರಾ ನೀವು?"

"ನಮ್ಮ ಮಗು ಕತೆ ಏನಾಗತ್ತೆ ಅಂತ ಯೋಚ್ನೆ ಮಾಡೆ ಮೊದ್ಲು."

"ಇಷ್ಟು ವರ್ಷ ಅದೇ ಮಾಡಿದ್ದು," ಎಂದಳು ಭಾಗ್ಯಮ್ಮ. ಸ್ಕೂಲಿನಲ್ಲಿ ಯಾರ ಹಲ್ಲೋ ಮುರಿದಾಗ ಹೋಗಿ ಕೈ ಮುಗಿದದ್ದು, ಕಾಲೇಜಿನಲ್ಲಿ ಬೈಕು ಗುದ್ದಿದಾಗ ಯಾರ್ಯಾರದೋ ಕಾಲು ಹಿಡಿದದ್ದು, ಎಲ್ಲ ನೆನಪಾಯಿತು. ಪ್ರತಿ ಸಲ ಅವನು ಉಳಿದ, ಇವಳು ಸ್ವಲ್ಪ ಸ್ವಲ್ಪ ಖಾಲಿಯಾದಳು. ಅವಳು ಹೋಗಿ ಒಲೆ ಹಚ್ಚಿದಳು.

ಭಾನುವಾರ ಬೆಳಿಗ್ಗೆ ಮಗನ ಬೈಕಿನ ಹಿಂದೆ ಕೂತು ಠಾಣೆಗೆ ಹೋದಳು. ಲಿಖಿತ್ ರಿಜಿಸ್ಟರಿನಲ್ಲಿ ಸಹಿ ಹಾಕಿದ. ಪ್ರಸನ್ನ ಟೈಪು ಮಾಡಿದ ಹಾಳೆಯನ್ನು ಮೇಜಿನ ಮೇಲಿಟ್ಟು ಪೆನ್ನು ಕೊಟ್ಟ. ಠಾಣೆಯ ರೈಟರು, ಕನ್ನಡಕದ ವಯಸ್ಸಾದ ಮನುಷ್ಯ, ಇನ್ನೊಂದು ಕಡತದಲ್ಲಿ ಮುಳುಗಿದ್ದ.

ಭಾಗ್ಯಮ್ಮ ಹಾಳೆಯನ್ನು ಪೂರ್ತಿ ಓದಿದಳು. ಪೆನ್ನನ್ನು ಮುಚ್ಚಿ ಹಾಳೆಯ ಮೇಲಿಟ್ಟಳು.

"ಇದ್ರಲ್ಲಿ ಬರ್ದಿರೋದು ಸುಳ್ಳು ಸಾರ್."

ರೈಟರು ತಲೆ ಎತ್ತಿದ. "ಏನಮ್ಮಾ?"

"ಮೇಡಂ, ಹೊರಗೆ ಬನ್ನಿ, ಮಾತಾಡೋಣ," ಎಂದ ಪ್ರಸನ್ನ.

"ಬಟ್ಟೆ ಇಸ್ಕೊಳ್ಳೋಕೆ ಹೋಗಿರಲಿಲ್ಲ, ಸೂಪು ಕೊಡೋಕೆ ಹೋಗಿದ್ದೆ. ಅವತ್ತು ನಾನು ಅಡುಗೆಮನೇಲೂ ಇರಲಿಲ್ಲ. ಗೇಟ್ ಹತ್ರ ಇದ್ದೆ. ಎಲ್ಲಾ ನೋಡ್ದೆ."

"ಅಮ್ಮ," ಎಂದ ಲಿಖಿತ್. ಚಿಕ್ಕವನಿದ್ದಾಗ ಜ್ವರದಲ್ಲಿ ಕರೆಯುತ್ತಿದ್ದ ದನಿ. ತಿರುಗಿ ನೋಡಿದರೆ ಮಾತು ಬದಲಾಗುತ್ತದೆಂದು ಅವಳಿಗೆ ಗೊತ್ತಿತ್ತು, ನೋಡಲಿಲ್ಲ.

"ತಳ್ಳಿದ್ದು ಯಾರಮ್ಮ?" ಕೇಳಿದ ರೈಟರು.

"ನನ್ನ ಮಗ."

ಅವಳು ನಿಂತಿದ್ದೆಲ್ಲಿ, ಕೈಲಿ ಏನಿತ್ತು, ಯಲ್ಲಯ್ಯ ಏನೆಂದ, ಇವನು ಏನೆಂದ ಎಂದೆಲ್ಲ ರೈಟರು ಬರೆದುಕೊಳ್ಳುವಷ್ಟರಲ್ಲಿ ಹೊರಗೆ ಬೈಕು ಹೊರಟ ಸದ್ದಾಯಿತು. ಪ್ರಸನ್ನ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ. "ಮೇಡಂ, ನಾನಿನ್ನು ಏನು ಮಾಡೋಕಾಗುತ್ತೋ ಗೊತ್ತಿಲ್ಲ. ಶಿಕ್ಷೆ ಆಗಬಹುದು."

"ಆಗ್ಲಿ ಸಾರ್. ನಾನು ಊಟ ತಗೊಂಡು ಹೋಗ್ತೀನಿ."

"ಅಲ್ಲಿ ಮನೆ ಊಟ ಬಿಡಲ್ಲ ಮೇಡಂ," ಎಂದ ಪ್ರಸನ್ನ.

ಆಟೊದಲ್ಲಿ ಬರುವಾಗ ಅವಳಿಗೆ ಅಳು ಬಂತು. ಡ್ರೈವರು ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ.

ಮನೆಯ ಮುಂದೆ ಇಳಿದಾಗ ಬೈಕು ಗೇಟಿನ ಒಳಗಿತ್ತು. ಮೋಟಾರು ಓಡುತ್ತಿತ್ತು. ಗಡಿಬಿಡಿಯಲ್ಲಿ ಬೆಳಿಗ್ಗೆ ಹಾಕುವುದನ್ನು ಅವಳು ಮರೆತಿದ್ದಳು. ಗಂಗಾಧರಯ್ಯ ಜಗಲಿಯಲ್ಲಿದ್ದರು, ಅವಳನ್ನು ಕಂಡು ಮುಖ ತಿರುಗಿಸಿದರು. ಒಳಗೆ ಅಡುಗೆಮನೆಯಲ್ಲಿ ಲಿಖಿತ್ ಸ್ವಿಚ್ಚಿನ ಮುಂದೆ ನಿಂತಿದ್ದ. ಹುಟ್ಟಿದಾಗಿನಿಂದ ಆ ಸ್ವಿಚ್ಚು ಮುಟ್ಟದವನು ಇವತ್ತು ತಾನಾಗಿಯೇ ಹಾಕಿದ್ದ. ಎಷ್ಟು ಹೊತ್ತಿಗೆ ಆರಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ನೀರು ಇಳಿಯುವ ಸದ್ದು ಆಗಲೇ ಶುರುವಾಗಿತ್ತು.

ಆಗ ಮೇಲಿನಿಂದ, ಎಷ್ಟೋ ವಾರಗಳ ಮೇಲೆ, ಕೂಗು ಬಂತು. "ಆಂಟಿ, ತುಂಬ್ತು ನೋಡ್ರಿ."

ಲಿಖಿತ್ ಬೆಚ್ಚಿ ಅಮ್ಮನ ಕಡೆ ನೋಡಿದ. "ಮಾತಾಡೋ ಹಾಗಿಲ್ಲ," ಎಂದ ಮೆಲ್ಲಗೆ.

"ಆಫ್ ಮಾಡೋಕೆ ಮಾತು ಬೇಡ ಕಣೋ."

ಅವನು ಆರಿಸಿದ. ಮನೆ ನಿಶ್ಶಬ್ದವಾಯಿತು. ಅವಳು ಸೀರೆ ಬದಲಾಯಿಸದೆಯೇ ಒಲೆ ಹಚ್ಚಿ ಎಸರಿಟ್ಟಳು, ರಾಗಿಹಿಟ್ಟು ಹಾಕಿ ತೊಳಸಿದಳು. ಅವನು ಅಲ್ಲೇ ಬಾಗಿಲಿಗೆ ಒರಗಿಕೊಂಡು ನಿಂತಿದ್ದ. ಜಗಳ ಆಡುತ್ತಾನೆಂದು ಕಾದಳು, ಆಡಲಿಲ್ಲ.

"ಅಲ್ಲೂ ಮುದ್ದೆ ಕೊಡ್ತಾರೆ," ಎಂದ ತಟ್ಟೆಯ ಮುಂದೆ ಕೂತ ಮೇಲೆ. "ಕಲ್ಲಿನ ಥರ ಇರತ್ತೆ. ನುಂಗೋಕೇ ಆಗಲ್ಲ."

ಭಾಗ್ಯಮ್ಮ ಕೈಯನ್ನು ತಣ್ಣೀರಿಗೆ ಅದ್ದಿದಳು. ಆಮೇಲೆ, ಅವನು ಬೇಕೆನ್ನುವ ಮೊದಲೇ, ಬಿಸಿಯಾಗಿ ಕಟ್ಟಿದ ಇನ್ನೊಂದು ಮುದ್ದೆಯನ್ನು ಅವನ ತಟ್ಟೆಗೆ ಇಟ್ಟಳು.